ಗುಳುಗುಳು

ಮೊದಮೊದಲು ಬರೀ ಗುಳುಗುಳು.
ಮೇಲ್ಮಹಡಿಯ ಮೆಹರುನ್ನೀಸಾ ಮಷೀನಿಗೆ ಬಟ್ಟೆ ಹಾಕಿದರೆ
ನಮ್ಮ ಬಚ್ಚಲು ಗಂಟಲು ಸರಿಮಾಡಿಕೊಳ್ಳುತ್ತಿತ್ತು,
ಏನೋ ಹೇಳಲು ಬಂದು ತಡೆದವರ ಹಾಗೆ.

ಸಿಂಕಿಗೆ ಕುದಿನೀರು, ಸೋಡಾಪುಡಿ, ಹಿಂಡಿದ ನಿಂಬೆ.
ಒಂದು ವಾರ ತೆಪ್ಪಗಿತ್ತು.
ಮತ್ತೆ ಅಕ್ಕಿ ತೊಳೆದ ನೀರು ನಿಂತಿತು ನಿಂತಲ್ಲೇ,
ಮೇಲೊಂದು ಮೆಂತ್ಯದೆಲೆ
ಸುತ್ತುವುದನ್ನೇ ಮರೆತು.

ಒಂದೇ ತೂತು ಕಟ್ಟಿದರೆ ನೀವೇ ನೋಡಿಕೊಳ್ಳಿ, ಅಂದಿದ್ದರು
ಲಿಂಗರಾಜಪುರದ ಫ್ಲೈಓವರ್ ಹತ್ತಿರ ಕೂರುವ ಆರೋಗ್ಯಸ್ವಾಮಿ;
ಮೂರೂ ಒಟ್ಟಿಗೆ ಕಟ್ಟಿದರೆ
ಏನೂ ಮಾಡಬೇಡಿ, ಫೋನ್ ಮಾಡಿ.

ನಾನು ಎಣಿಸಲಿಲ್ಲ.
ಐನೂರು ಉಳಿಸುವ ಹಟಕ್ಕೆ ಆಸಿಡ್ ಸುರಿದೆ.
ಭಾನುವಾರ ಬೆಳಿಗ್ಗೆ ಬಚ್ಚಲ ತುಂಬ
ಮೆಹರುನ್ನೀಸಾ ಮನೆಯ ಸೋಪಿನ ನೊರೆ,
ನಮ್ಮ ಮೊನ್ನೆಯ ಬಸ್ಸಾರು,
ಎರಡು ಮನೆ ಒಂದೇ ನೀರಲ್ಲಿ.

ಬಂದವರು ಚೀಲ ಇಳಿಸದೆ ಕೇಳಿದರು:
"ಆಸಿಡ್ ಹಾಕಿದ್ರಾ?"
ಇಲ್ಲ ಅನ್ನಲು ಬಾಯಿ ತೆರೆದೆ.
ಅವರು ಅಂಗೈ ಚಾಚಿದರು.
ಬೆರಳಿಂದ ಮಣಿಕಟ್ಟಿನವರೆಗೂ ಹಳೆಯ ಬಿಳಿ ಕಲೆ,
ಇನ್ಯಾರದೋ ಮನೆಯ ಸುಳ್ಳು.

"ಹಾಕಿದೆ," ಅಂದೆ.
ಆಮೇಲಷ್ಟೇ ಅವರು ಗ್ಲೌಸ್ ತೊಟ್ಟು, ನನ್ನನ್ನು ಹಿಂದೆ ಸರಿಸಿ,
ಚೇಂಬರಿನ ಮುಚ್ಚಳಕ್ಕೆ ಹಾರೆ ಕೊಟ್ಟದ್ದು.