ಇಪ್ಪತ್ಮೂರನೇ ಸೀಟು

ಸ್ಪ್ರಿಂಗು ಕಿತ್ತು ಬಂದಿತ್ತು, ಅಷ್ಟೇ.
ಅರಸೀಕೆರೆ ಡಿಪೋದಲ್ಲಿ ಮೂರು ಸಲ ಬರೆದುಕೊಟ್ಟೆ,
ಮೆಕ್ಯಾನಿಕ್ ಕರಿಬಸಣ್ಣ ಮೂರು ಸಲವೂ ತಲೆಯಾಡಿಸಿದ.
ಯಾರದೋ ಚೀಲದಿಂದ ಉರುಳಿ ಬಂದ ನಿಂಬೆಹಣ್ಣೊಂದನ್ನು
ಹರಿದ ರೆಕ್ಸಿನ್ ಮೇಲಿಟ್ಟೆ,
ಯಾರ ಸೀರೆಯೂ ಸಿಕ್ಕಿ ಹರಿಯದಿರಲಿ ಅಂತ.
ದೇವರಾಣೆ, ಅಷ್ಟೇ.

ಬಾಣಾವರದಲ್ಲಿ ಹತ್ತಿದ ಹೆಂಗಸು
ಹಣ್ಣು ನೋಡಿದಳು, ನನ್ನ ಮುಖ ನೋಡಿದಳು,
ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ
ಜಾವಗಲ್‌ವರೆಗೂ ನಿಂತೇ ಬಂದಳು.
ನಾನು ಏನೂ ಹೇಳಲಿಲ್ಲ.
ಹೇಳದೆ ಇದ್ದದ್ದೇ ಹೇಳಿದಂತಾಯಿತೇನೋ.

ಮಾರನೇ ದಿನ ಹಣ್ಣಿಗೆ ಕುಂಕುಮ.
ವಾರ ಕಳೆಯುವಷ್ಟರಲ್ಲಿ ಅದೊಂದು ಹುಡುಗಿ:
ಗಂಡಸಿ ಕಡೆಯವಳಂತೆ,
ಪರೀಕ್ಷೆಗೆ ಹೊರಟವಳಂತೆ, ಇಳಿಯಲೇ ಇಲ್ಲವಂತೆ.
ಹಳೇಬೀಡಿನಲ್ಲಿ ಅವಳಿಗೆ ಜಡೆ ಬೆಳೆಯಿತು,
ಬೇಲೂರು ಸ್ಟ್ಯಾಂಡಿನ ಹೂವಿನವಳು ಗೆಜ್ಜೆ ತೊಡಿಸಿದಳು,
ಒಂದೇ ಕಾಲಿಗೆ.
ಯಾರೂ ಸುಳ್ಳು ಹೇಳಲಿಲ್ಲ ನೋಡಿ,
ಕೇಳಿದ್ದನ್ನೇ ಹೇಳಿದರು,
ತಮ್ಮ ಕೈಯಿಂದ ಒಂದು ಚಿಟಿಕೆ ಉಪ್ಪು ಹಾಕಿ.

ವಿಜ್ಞಾನದ ಫಿಲೋಮಿನಾ ಟೀಚರ್ ಒಂದು ಸೋಮವಾರ
ಹಣ್ಣನ್ನೆತ್ತಿ ಕಿಟಕಿಯಿಂದಾಚೆ ಎಸೆದು ಕೂತೇಬಿಟ್ಟರು.
ಏಳುವಾಗ ಸೀರೆ ಪರ್ರನೆ ಹರಿಯಿತು.
"ಸ್ಪ್ರಿಂಗು," ಅಂದರು, ಎಲ್ಲರಿಗೂ ಕೇಳುವಂತೆ.
ಎಲ್ಲರೂ ಹೂಂ ಅಂದರು.
ಮರುದಿನ ಎರಡು ಹಣ್ಣು.

ಇದನ್ನು ಯಾರಿಗೆ ಹೇಳಲಿ:
ಸಂಜೆ ಟ್ರಿಪ್ಪಿಗೆ ಲವಂಗ ಜಗಿಯುತ್ತ ಬರುತ್ತಿದ್ದ
ನಮ್ಮ ಡ್ರೈವರ್ ದ್ಯಾವೀರಣ್ಣ
ಬಾಟಲಿ ಬಿಟ್ಟ.
"ಹಿಂದೆ ಹುಡುಗಿ ಕೂತಿರ್ತಾಳೆ ಕಣಯ್ಯ," ಅಂದ, ಕನ್ನಡಿ ಸರಿಮಾಡುತ್ತ.
ತಿರುವುಗಳಲ್ಲಿ ಬಸ್ಸಿಗೆ
ಮಲಗಿದ ಮಗು ಹೊತ್ತವರ ನಡಿಗೆ ಬಂತು.
ಇಲ್ಲದವಳು ಇಷ್ಟು ಮಾಡಿದಳು.

ಇನ್ನೊಂದನ್ನೂ ಹೇಳಬೇಕು.
ಫಿಟ್ಸ್ ಬರುವ ಮಗಳನ್ನು ಎತ್ತಿಕೊಂಡು
ಗಂಡ ಹೆಂಡತಿ ಹತ್ತಿದರು.
ಹಾಸನದ ಆಸ್ಪತ್ರೆ ಚೀಟಿ ಅಪ್ಪನ ಜೇಬಲ್ಲೇ ಇಣುಕುತ್ತಿತ್ತು.
ಆ ಸೀಟಿನೆದುರು ಅವಳನ್ನು ಕೂರಿಸಿ
"ಬಿಟ್ಟುಬಿಡು ತಾಯಿ" ಅಂದರು, ದಾರಿಯುದ್ದಕ್ಕೂ.
ಅವತ್ತು ನಾನು ಬಾಯಿ ಬಿಡಬೇಕಿತ್ತು.
ಟಿಕೆಟ್ ಹರಿದುಕೊಟ್ಟೆ.
ಎರಡು ಫುಲ್ಲು, ಒಂದು ಹಾಫು.

ಬಸ್ಸು ಗುಜರಿಗೆ ಹೋಗಿ ಎರಡು ವರ್ಷ.
ಹೊಸ ಗಾಡಿ, ಹೊಸ ರೆಕ್ಸಿನ್, ಸ್ಪ್ರಿಂಗು ಗಟ್ಟಿ.
ಹಣ್ಣಿಲ್ಲ, ಕುಂಕುಮವಿಲ್ಲ,
ಜನ ಕೂರುತ್ತಾರೆ, ಏಳುತ್ತಾರೆ.
ರಾತ್ರಿ ಕೊನೇ ಟ್ರಿಪ್ಪಲ್ಲಿ ಎಲ್ಲರೂ ಇಳಿದ ಮೇಲೆ
ಲೆಕ್ಕ ಬರೆಯಲು ಎಲ್ಲಿ ಬೇಕಾದರೂ ಕೂರಬಹುದು ನಾನು.
ಇಪ್ಪತ್ತೆರಡರಲ್ಲಿ ಕೂರುತ್ತೇನೆ,
ಚೀಲ ತೊಡೆಯ ಮೇಲಿಟ್ಟುಕೊಂಡು,
ಪಕ್ಕಕ್ಕೆ ಮೊಣಕೈ ತಾಗದಂತೆ.