ಮೂರು ಗಂಟೆಗೆ ಬರೆದ ಸಾಲು

ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ಗೋಡೆಗೂ ಹುಳುವಿನ ವಾಸನೆ.
ಗೂಡು ಬೇಯಿಸಿದ ನೀರು ಮೋರಿ ಹಿಡಿದು ಹರಿಯುತ್ತದೆ,
ಗಾಳಿ ತಿರುಗಿದರೆ ವಾರ್ಡಿನೊಳಗೇ ಬರುತ್ತದೆ.
ಒಂಬತ್ತು ವರ್ಷದಲ್ಲಿ ನನ್ನ ಮೂಗು ಅದನ್ನು ಮರೆತಿತ್ತು.
ಈಗ ಮತ್ತೆ ನೆನಪಾಗಿದೆ.

ಆರನೇ ಮಂಚ. ದಸ್ತಗೀರ್, ನಲವತ್ತೊಂದು, ಉಬ್ಬಸ.
ಇಪ್ಪತ್ತೈದು ವರ್ಷ ಬಿಸಿನೀರಿನಲ್ಲಿ ಎಳೆ ಹುಡುಕಿದ ಬೆರಳು,
ತುದಿಯೆಲ್ಲ ಬೆಳ್ಳಗೆ, ಗೆರೆ ಸವೆದು
ಕ್ಲಿಪ್ ಹಾಕಿದರೆ ಅಂಕಿ ನಿಲ್ಲುತ್ತಿರಲಿಲ್ಲ.
"ಆಧಾರಿನೋರಿಗೂ ಇದೇ ಗೋಳು ಸಿಸ್ಟರ್," ನಕ್ಕಿದ್ದ,
"ಈ ಬೆರಳು ಯಾರಿಗೂ ಸಾಕ್ಷಿ ಹೇಳಲ್ಲ."
ಕೊನೆಗೆ ಕಿವಿಯ ಹಾಲೆಗೆ ಸಿಕ್ಕಿಸಿದೆ. ತೊಂಬತ್ತೊಂದು.
ಎರಡಕ್ಕೆ ನೆಬ್ಯುಲೈಸರ್.
ಎರಡೂವರೆಗೆ ತೊಂಬತ್ನಾಲ್ಕು.

ಮೂವತ್ತೆರಡು ಮಂಚ, ನಾವಿಬ್ಬರು.
ಎಸ್ತರ್ ಹೆರಿಗೆ ಕೋಣೆಗೆ ಓಡಿದ್ದಳು.
ಆ ತುದಿಯ ಅಜ್ಜಿ ಡ್ರಿಪ್ಪು ಕಿತ್ತುಕೊಂಡಿದ್ದಳು.
ರಕ್ತ ಒರೆಸಿ, ಬೇರೆ ನರ ಹುಡುಕಿ, ಚುಚ್ಚಿ, ಪಟ್ಟಿ ಸುತ್ತಿ
ಬಾಗಿಲ ಹತ್ತಿರದಿಂದ ಕತ್ತು ಚಾಚಿದೆ:
ಗೋಡೆಯ ಕಡೆ ಮುಖ, ಭುಜದವರೆಗೆ ಹೊದಿಕೆ,
ಸದ್ದಿಲ್ಲ.
ಉಬ್ಬಸದವನ ಸದ್ದು ನಿಂತರೆ ಹೆದರಬೇಕು
ಎಂದು ಓದಿದವಳು ನಾನು,
ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವಳು.
ಆ ರಾತ್ರಿ ಸಮಾಧಾನವಾಯಿತು.
ರಿಜಿಸ್ಟರಿನಲ್ಲಿ ಬರೆದೆ:
3.00. ರೋಗಿ ನಿದ್ರಿಸುತ್ತಿದ್ದಾರೆ.

ನಾಲ್ಕಕ್ಕೆ ಟೀ ಹಿಡಿದು ಬಂದ ತಮ್ಮ ಕೂಗಿಕೊಂಡ.

ಆಮೇಲಿನದು ಊರಿಗೇ ಗೊತ್ತು.
ಕಿಟಕಿಯ ಗಾಜು, ಮುಖದ ಮೇಲೆ ಫೋನುಗಳ ಬೆಳಕು,
ಕೊರಳ ಚೀಟಿ ಎಳೆದು ಯಾರೋ ಜೋರಾಗಿ ಓದಿದ್ದು:
ಗಂಗರತ್ನ ಕೆ.ವಿ.
ನನ್ನ ಹೆಸರು ಅಷ್ಟು ಜೋರಾಗಿ
ನಾನು ಎಂದೂ ಕೇಳಿರಲಿಲ್ಲ.
ಡಾಕ್ಟರು ರಜೆ. ಸಿಲಿಂಡರಿನ ಗುತ್ತಿಗೆದಾರ ಫೋನೆತ್ತಲಿಲ್ಲ.
ಕೈಗೆ ಸಿಕ್ಕವಳು ನಾನು.

ನೋಟಿಸಿನಲ್ಲಿ ಎಂಟು ಪ್ರಶ್ನೆ.
ನಾಲ್ಕು ಪುಟ ಉತ್ತರ ಬರೆದೆ, ಎಲ್ಲವೂ ನಿಜ.
ಒಂಬತ್ತನೆಯದನ್ನು ಯಾರೂ ಕೇಳಲಿಲ್ಲ:
ಹತ್ತಿರ ಹೋಗಿ ನೋಡಿದೆಯಾ?
ಬಾಗಿಲಿನಿಂದ ಆರನೇ ಮಂಚಕ್ಕೆ ಹತ್ತೊಂಬತ್ತು ಹೆಜ್ಜೆ.
ವಾಪಸು ಬರುವಾಗ ಇಪ್ಪತ್ತಾಗುತ್ತದೆ,
ಯಾಕೋ ತಿಳಿಯದು, ಮೂರು ಸಲ ಎಣಿಸಿದ್ದೇನೆ.

"ನೀನು ಹೋಗಿದ್ರೂ ಹೋಗ್ತಿದ್ದ ಕಣೇ," ಎಸ್ತರ್ ಅನ್ನುತ್ತಾಳೆ.
ಇರಬಹುದು.
ಹಗಲೆಲ್ಲ 'ಹೋಗಿದ್ರೂ' ಹಿಡಿದು ಓಡಾಡುತ್ತೇನೆ,
ರಾತ್ರಿ ಪಕ್ಕದಲ್ಲಿ ಬಂದು ಮಲಗುವುದು 'ಹೋಗಿದ್ದರೆ'.
ಮಗ ಮಗ್ಗುಲಾಗಿ ಸುಮ್ಮನಾದರೆ
ಮೂಗಿನ ಬಳಿ ಬೆರಳಿಡುತ್ತೇನೆ.
"ಬದುಕಿದೀನಿ, ಬಿಡಮ್ಮ," ನಿದ್ದೆಗಣ್ಣಲ್ಲೇ ಗದರುತ್ತಾನೆ.

ಮೊನ್ನೆ ಗುರುವಾರ ಆತನ ಹೆಂಡತಿ ಬಂದಳು,
ಕಂಕುಳಲ್ಲಿ ಕೂಸು, ದಡಾರದ ಎರಡನೇ ಸೂಜಿ.
ಎಸ್ತರಳ ಮೇಜು ಖಾಲಿಯಿತ್ತು.
ನನ್ನ ಸಾಲಿನಲ್ಲಿ ನಿಂತಳು.
ಪ್ಲಾಸ್ಟಿಕ್ ಚೀಲದಿಂದ ಜೆರಾಕ್ಸ್ ತೆಗೆದು, ಬಿಡಿಸಿ,
ಬೆರಳಿಟ್ಟಳು. ಅವಳ ಬೆರಳ ತುದಿಯೂ ಬಿಳಿ.
"ಇದು ನಿಮ್ಮ ಅಕ್ಷರಾನಾ?"
ಹೌದು.
"ಮೂರು ಜನದ ಹತ್ರ ಓದಿಸ್ದೆ. ಮೂವರೂ
ನಿದ್ದೆ ಅಂತಲೇ ಓದಿದ್ರು.
ನಮ್ಮನೇಲಿ ಅವ್ರು ಮಲಗಿದ್ದು ಕಂಡೇ ಇಲ್ಲ ನಾನು,
ಗೋಡೆಗೆ ಒರಗಿ ಕೂತೇ ಬೆಳಗು ಮಾಡೋರು.
ನಿಜವಾ ಸಿಸ್ಟರ್?
ಮಲಗಿದ್ರಾ?"

ಕೂಸಿನ ತೋಳು ನನ್ನ ಕೈಯಲ್ಲಿ.
ಹತ್ತಿಯ ಸ್ಪಿರಿಟ್ಟು ಆರುತ್ತಿತ್ತು.
ಹೂಂ ಅಂದುಬಿಡಬಹುದಿತ್ತು.
ಅವಳಿಗೆ ಬೇಕಿದ್ದುದೂ ಅದೇ ಇರಬಹುದು,
ಇಲ್ಲದೆಯೂ ಇರಬಹುದು.

"ದೂರದಿಂದ ನೋಡಿದೆ," ಎಂದೆ.
"ಹತ್ತಿರ ಬರಲಿಲ್ಲ."

ನನ್ನನ್ನೇ ನೋಡಿದಳು.
ಹಿಂದೆ ನಿಂತವರು ಗೊಣಗುವಷ್ಟು ಹೊತ್ತು.
ಕಾಗದವನ್ನು ಹಳೆಯ ಮಡಿಕೆಯಲ್ಲೇ ಮಡಚಿ,
ಕೂಸನ್ನು ತೊಡೆಯ ಮೇಲೆ ತಿರುಗಿಸಿ ಕೂರಿಸಿ,
ತೋಳು ಗಟ್ಟಿಯಾಗಿ ಹಿಡಿದು
"ಮೆಲ್ಲಗೆ," ಎಂದಳು.

ಬಗ್ಗಿದೆ. ತೀರ ಹತ್ತಿರ.
ಹಾಲಿನ ವಾಸನೆ.
ಅದರಡಿಯಲ್ಲಿ, ಹುಳುವಿನದು.