ಜುಲೈ ಆರರ ಎದೆ

ಬದಿಯಡ್ಕದಲ್ಲಿ ನಾನು ಬಸ್ಸಿಳಿದಾಗ ಹತ್ತೂ ಇಪ್ಪತ್ತು,
ಜೂನ್ ಹತ್ತೊಂಬತ್ತು.
ಆಸ್ಪತ್ರೆಯ ಮೆಟ್ಟಿಲಡಿಯ ಕೋಣೆಯಲ್ಲಿ
ಮೂರು ಸರ್ವರ್‌ಗಳು ಒಂದರ ತಲೆಯ ಮೇಲೊಂದು ಕೂತು
ಕೆಂಪು ಕಣ್ಣು ಮಿಟುಕಿಸುತ್ತಿದ್ದವು.
ಮೇಲಿನದಕ್ಕೆ ಇವತ್ತು ಇವತ್ತೇ.
ನಡುವಿನದಕ್ಕೆ ಜುಲೈ ಹದಿನೆಂಟು.
ಕೆಳಗಿನದಕ್ಕೆ ಎರಡು ಸಾವಿರದ ಇಸವಿ, ಜನವರಿ ಒಂದು;
ಆಗ ಇಲ್ಲಿ ಆಸ್ಪತ್ರೆಯೇ ಇರಲಿಲ್ಲ, ಗೇರುಗುಡ್ಡೆಯಂತೆ.

ಡಿಸ್ಕ್ ಹೋಗಿದೆ ಎಂದು ಹೆದರಿದ್ದರು ಎಲ್ಲರೂ.
ತಟ್ಟಿ ನೋಡಿದೆ, ಕೇಬಲ್ ಕಿತ್ತು ಸಿಕ್ಕಿಸಿದೆ.
ಡಿಸ್ಕಿಗೆ ಎಂತದೂ ಆಗಿಲ್ಲ. ಎಲ್ಲ ಎಲುಬೂ ಒಳಗೇ ಉಂಟು,
ಮೊಣಕಾಲು, ಬೆನ್ನಹುರಿ, ನಾಣ್ಯ ನುಂಗಿದ ಮಗುವಿನ ಹೊಟ್ಟೆ.
ಕೊಡುವುದಿಲ್ಲ, ಅಷ್ಟೆ.
ಐದು ನಿಮಿಷದವರೆಗಿನ ಸುಳ್ಳನ್ನು ಇವು ಸಹಿಸುತ್ತವೆ,
ಆರನೆಯದಕ್ಕೆ ಚಿಲಕ.
'ಈ ಚೀಟಿಯ ಕಾಲ ಇನ್ನೂ ಬಂದಿಲ್ಲ' ಎನ್ನುತ್ತದೆ ಒಂದು,
'ಎಂದೋ ಮುಗಿಯಿತು' ಎನ್ನುತ್ತದೆ ಇನ್ನೊಂದು.

ಕೆಳಗಿನದರ ಹೊಟ್ಟೆ ಬಿಚ್ಚಿದರೆ ಗುಂಡಿಯಷ್ಟಗಲದ ಸೆಲ್ಲು ಸತ್ತಿತ್ತು.
ಕರೆಂಟು ಹೋದಾಗಲೆಲ್ಲ ಪಾಪ, ಹೊಸ ಶತಮಾನದಲ್ಲಿ ಎದ್ದು ಕೂರುತ್ತಿತ್ತು.

ಬಸ್ ಸ್ಟ್ಯಾಂಡಿನ ಹಿಂದೆ ಅಂದುಂಞಿಯ ವಾಚಿನಂಗಡಿ.
ಗೋಡೆಯ ತುಂಬ ಗಂಟೆಗಳು, ಒಂದಕ್ಕೊಂದು ಮಾತಿಲ್ಲ.
'ಇದರಲ್ಲಿ ಸರಿ ಯಾವುದು ಕಾಕಾ?'
ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆ ಅಂದರು:
'ಸರಿ ಉಂಟಾದರೆ ಇಲ್ಲಿಗ್ಯಾಕೆ ಬರ್ತದೆ ಮಾರಾಯ್ತಿ?
ನಾನು ಬಾಂಗ್ ಕೇಳಿ ಅಂಗಡಿ ಮುಚ್ಚುವವ.
ಮೊದಲಾದರೆ ಬಟ್ಯಪ್ಪನ ಸೀಟಿ ಇತ್ತು.'

ಬಟ್ಯಪ್ಪ, ಬಸ್ಸುಗಳ ಟೈಮ್‌ಕೀಪರ್.
ಎರಡು ನಿಮಿಷಕ್ಕೆ ಕಾಲರ್ ಹಿಡಿಯುವ ಡ್ರೈವರುಗಳ ನಡುವೆ
ನೋಟ್‌ಬುಕ್ಕು ಹಿಡಿದು ಮೂವತ್ತು ವರ್ಷ ನಿಂತವರು.
ತೀರಿಕೊಂಡದ್ದು ಜೂನ್ ಹತ್ತಕ್ಕೆ.
ಅವರ ಎದೆಯ ಚಿತ್ರ ಮಾತ್ರ ಜುಲೈ ಆರರದ್ದು,
ಬೊಜ್ಜ ಕಳೆದು ಎರಡು ವಾರಕ್ಕೆ ತೆಗೆದದ್ದು!
ವಿಮೆಯವರು ಚಿತ್ರ ನೋಡಿ ಕಾಗದ ಬರೆದಿದ್ದರು,
ತಿಂಗಳೇ ಬಾರದ ತಿಂಗಳ ಬಗ್ಗೆ ವಿವರಣೆ ಕೇಳಿ.

ಸಿಡಿಲು ಹೊಡೆದ ದಿನ ತಾರೀಕು ಕೂರಿಸಿದ್ದು ಲೀನಾ ಕ್ರಾಸ್ತಾ,
ಎಕ್ಸ್‌ರೇ ಕೋಣೆಯವಳು.
ನಮ್ಮ ಹಾಗೆ ಏಳು, ಆರು ಎಂದು ಒತ್ತಿದ್ದಾಳೆ.
ಯಂತ್ರ ಓದುವುದು ತಿಂಗಳನ್ನು ಮೊದಲು.
ಇಷ್ಟೇ.

ಎಲ್ಲ ಕೆಲಸ ನಿಲ್ಲಿಸಿ, ಹೊಸ ಸೆಲ್ಲು ಕೂರಿಸಿ,
ಇಪ್ಪತ್ತೊಂಬತ್ತು ದಿನವನ್ನು ಒಂದೇ ಏಟಿಗೆ ಹಿಂದೆ ತಳ್ಳಿದೆ.
ಉಳಿದ ನಾಲ್ಕು ಸೆಕೆಂಡನ್ನು ಹಾಗೆ ತಳ್ಳಬಾರದು.
ಒಂದೊಂದು ಸೆಕೆಂಡನ್ನೂ ಕೂದಲೆಳೆಯಷ್ಟು ಎಳೆದು ಉದ್ದ ಮಾಡಿ,
ನಿಜವಾದ ಹೊತ್ತು ಬಂದು ಸೇರುವವರೆಗೆ ಕಾಯಬೇಕು.
ಕಾದೆ. ಚಾ ತಣ್ಣಗಾಯಿತು.
ಹನ್ನೆರಡೂ ನಲವತ್ತೊಂದಕ್ಕೆ ಮೂರೂ ಒಂದೇ ಮಾತು ಆಡಿದವು.

ಆಮೇಲೆ ಜುಲೈಯಲ್ಲಿ ಸಿಕ್ಕಿಬಿದ್ದ ಇನ್ನೂರ ಹನ್ನೆರಡು ಚಿತ್ರಗಳು.
ಒಂದೊಂದೇ ಜೂನಿಗೆ ಮರಳಿದವು, ಮಂದೆಯ ಹಾಗೆ.
ಒಂದು ಮಾತ್ರ ಕದಲಲಿಲ್ಲ.
'ಯಾರೋ ತೆರೆದಿಟ್ಟಿದ್ದಾರೆ' ಎಂದಿತು ಪರದೆ.

ಹೋಗಿ ನೋಡಿದರೆ ಲೀನಾ, ದೀಪ ಹಾಕದೆ.
ಎದುರಿಗೆ ಬಟ್ಯಪ್ಪನ ಪಕ್ಕೆಲುಬು,
ಎಡಕ್ಕೆ ಬಿಳಿಯ ಮೋಡದಂತೆ ಏನೋ.
'ಶ್ವಾಸ ಎಳೆದು ಹಿಡ್ಕೊಳ್ಳಿ ಅಂದೆ. ಹಿಡಿದರು.
ಒತ್ತಿದೆ. ಆಗಲೇ ಫೋನ್ ಬಂತು ನನಗೆ.
ಬಿಡಿ ಅಂತ ಹೇಳಿದೆನಾ ಇಲ್ಲವಾ, ಎಷ್ಟು ಯೋಚಿಸಿದರೂ
ನೆನಪಾಗುವುದಿಲ್ಲ.'

ಬಿಟ್ಟಿರುತ್ತಾರೆ, ಅಂದೆ. ಮೂರು ದಿನ ಬದುಕಿದ್ದರಲ್ಲ.
ಅವಳೂ ತಲೆಯಾಡಿಸಿದಳು.
ಆದರೂ ಕಿಟಕಿ ಮುಚ್ಚುವ ಮೊದಲು
ಪರದೆಗೆ ಬಾಯಿ ಹತ್ತಿರ ತಂದು, ತುಳುವಿನಲ್ಲಿ, ಮೆಲ್ಲ,
'ಬುಡ್ಲೆ' ಅಂದಳು.

ಕಡತ ಸರಿಯಿತು. ಜೂನ್ ಏಳು.
ಹೊರಗೆ ಕುಂಬಳೆಯ ಬಸ್ಸು ಹೊರಡದೆ ಹಾರ್ನ್ ಹೊಡೆಯುತ್ತಿತ್ತು,
ಹಿಂದಿನದರ ಡ್ರೈವರ್ ಇಳಿದು ಬಂದು ಜಗಳಕ್ಕೆ ನಿಂತಿದ್ದ.
ಅಂದುಂಞಿಗೆ ಸೆಲ್ಲಿನ ನಲವತ್ತು ರೂಪಾಯಿ
ಇನ್ನೂ ಕೊಟ್ಟಿಲ್ಲ ನಾನು.